ಕೀಮೋ ಮುಗಿದ ಮೇಲೆ ಬರುವ ಕೂದಲು: ಅಳೆಯುವುದು, ತೊಳೆಯುವುದು, ಕತ್ತರಿಸುವುದು

ಕೊನೆಯ ಕೀಮೋ ಸಲಾಯಿನ್ ಹಚ್ಚಿದ ತಾರೀಖು ಯಾವುದೆಂದು ಕೇಸ್ ಪೇಪರಿನಲ್ಲಿ ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುಂಡು ಸುತ್ತಿಡಿ. ಕೂದಲಿನ ಲೆಕ್ಕ ಶುರುವಾಗುವುದು ಆ ದಿನದಿಂದ. ಆಪರೇಷನ್ ಆದ ದಿನವನ್ನೋ, ಎದೆಗೆ ಕರೆಂಟ್ (ರೇಡಿಯೇಷನ್) ಕೊಟ್ಟು ಮುಗಿಸಿದ ದಿನವನ್ನೋ ಹಿಡಿದು ಎಣಿಸಿದರೆ ಲೆಕ್ಕ ತಪ್ಪುತ್ತದೆ, ಸುಮ್ಮನೆ ಗಾಬರಿಯಾಗುತ್ತದೆ. ತಲೆಗೇ ಕರೆಂಟ್ ಕೊಟ್ಟಿದ್ದರೆ ಮಾತ್ರ ಲೆಕ್ಕ ಬೇರೆ. ಕಿರಣ ಬಿದ್ದ ಜಾಗದಲ್ಲಿ ಕೂದಲು ಬರಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಡೋಸ್ ಹೆಚ್ಚಿದ್ದರೆ ಅಲ್ಲಿ ಬಾರದೆಯೂ ಇರಬಹುದು.

ಮನೆಯಲ್ಲಿ ಶಾಲೆ ಮಕ್ಕಳ 15 ಸೆಂಟಿಮೀಟರ್ ಸ್ಕೇಲ್ ಇದ್ದೇ ಇರುತ್ತದೆ. ತಿಂಗಳಿಗೊಮ್ಮೆ, ಅದೇ ತಾರೀಖಿನಂದು, ನಾಲ್ಕು ಕಡೆ ಅಳೆಯಿರಿ: ಹಣೆಯ ನಡು ಅಂಚು, ನಡುನೆತ್ತಿ, ಕಿವಿಯ ಮೇಲ್ಭಾಗ, ಹೆಡಕು. ಸ್ಕೇಲಿನ ಸೊನ್ನೆ ಚರ್ಮಕ್ಕೆ ತಾಗಬೇಕು. ಸುರುಳಿ ಕೂದಲಾದರೆ ಎರಡು ಬೆರಳಲ್ಲಿ ಮೆಲ್ಲಗೆ ನೆಟ್ಟಗೆ ಮಾಡಿ ಅಳೆಯಿರಿ. ಇಲ್ಲದಿದ್ದರೆ 4 ಸೆಂಟಿಮೀಟರ್ ಕೂದಲು 2 ಎಂದು ಕಾಣುತ್ತದೆ, "ಬೆಳೀವಲ್ದು" ಎಂಬ ಕೊರಗು ಶುರುವಾಗುತ್ತದೆ. ಜೊತೆಗೆ ಒಂದು ಫೋಟೊ ಇರಲಿ, ಪ್ರತಿ ಸಲವೂ ಅದೇ ಬಾಗಿಲ ಬೆಳಕಿನಲ್ಲಿ. ದಿನಾ ಕನ್ನಡಿ ನೋಡುವವರಿಗೆ ಬೆಳವಣಿಗೆ ಕಾಣುವುದಿಲ್ಲ. ಫೋಟೊ ಮುಂದಿಟ್ಟರೆ ಕಾಣುತ್ತದೆ.

ಬಹಳಷ್ಟು ಜನರಲ್ಲಿ ಬೆಳವಣಿಗೆ ಹೀಗಿರುತ್ತದೆ. ಎರಡರಿಂದ ನಾಲ್ಕು ವಾರದೊಳಗೆ ಬಣ್ಣವೇ ಇಲ್ಲದ, ಕೈಗೆ ತಾಗಿಯೂ ತಾಗದ ತುಪ್ಪುಳು. ಆರೆಂಟು ವಾರಕ್ಕೆ ಚುಚ್ಚುವ ನಿಜವಾದ ಕೂದಲು. ಅಲ್ಲಿಂದ ಮುಂದೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಕೆಲವರಿಗೆ ತುಸು ಹೆಚ್ಚು. ನೆನಪಿಡಲು ಸುಲಭದ ಲೆಕ್ಕ: ಕೊನೆಯ ಕೀಮೋದಿಂದ ಎಷ್ಟು ತಿಂಗಳಾಯಿತೋ ಅದರಲ್ಲಿ ಒಂದನ್ನು ಕಳೆಯಿರಿ, ಉಳಿದದ್ದೇ ಹೆಚ್ಚುಕಡಿಮೆ ನಿಮ್ಮ ಸೆಂಟಿಮೀಟರ್. ಮೂರು ತಿಂಗಳಿಗೆ 2, ಆರಕ್ಕೆ 5, ವರ್ಷಕ್ಕೆ 11. ಹೆಗಲು ಮುಟ್ಟಲು ಎರಡು–ಎರಡೂವರೆ ವರ್ಷ. ಸೊಂಟ ಮುಟ್ಟುವ ಹೆರಳಿಗೆ ಐದಾರು ವರ್ಷ ಬೇಕು. ಯಾವ ಎಣ್ಣೆಯ ಬಾಟಲಿಯೂ ಈ ಲೆಕ್ಕವನ್ನು ಅರ್ಧಕ್ಕೆ ಇಳಿಸುವುದಿಲ್ಲ.

ಕೆಂಪು ಔಷಧಿ, ಅಂದರೆ ಡಾಕ್ಸೊರುಬಿಸಿನ್, ಮುಗಿದು ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್ ನಡೆಯುತ್ತಿರುವಾಗಲೇ ಕೆಲವರಿಗೆ ತುಪ್ಪುಳು ಕಾಣಿಸಿಕೊಳ್ಳುತ್ತದೆ. ಅದು ಉಳಿದರೂ ಉಳಿಯಬಹುದು, ಉದುರಿದರೂ ಉದುರಬಹುದು. ಉಳಿಯಲಿ, ಉದುರಲಿ, ಔಷಧಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಬಿಳಿ, ಗುಂಗುರು, ಎರಡು ಬಣ್ಣದ ಎಳೆ

"ಇದೇನವಾ, ಜಾವಳದ ಕೂದಲ ಹಂಗ ಐತಲ್ಲ" ಎಂದು ನೋಡಲು ಬಂದವರು ಅನ್ನುವುದುಂಟು. ಹೋಲಿಕೆ ತಪ್ಪಲ್ಲ. ಬೇಗ ಬೇಗ ಒಡೆದು ಬೆಳೆಯುವ ಜೀವಕೋಶಗಳನ್ನು ಕೀಮೋ ಹೊಡೆಯುತ್ತದೆ, ಕೂದಲಿನ ಬೇರಿನ ಕೋಶಗಳೂ ಆ ಜಾತಿಯವೇ. ಔಷಧಿ ನಿಂತ ಮೇಲೆ ಬೇರು ಮತ್ತೆ ಕೆಲಸ ಹಿಡಿಯುತ್ತದೆ, ಆದರೆ ಎಲ್ಲವೂ ಒಟ್ಟಿಗೆ ಹಳೆಯ ಹದಕ್ಕೆ ಬರುವುದಿಲ್ಲ. ಎಳೆ ಹೆಣೆಯುವ ಕೋಶ ಮೊದಲು ಏಳುತ್ತದೆ, ಬಣ್ಣ ತುಂಬುವ ಕೋಶ ತಡವಾಗಿ ಏಳುತ್ತದೆ. ಹಾಗಾಗಿ ಮೊದಲ ಕೂದಲು ಬಿಳಿ, ಬೂದಿ ಅಥವಾ ಮಾಸಲು ಕಂದು. ಬೇರಿನ ಗೂಡಿನ ಆಕಾರ ಬದಲಾದರೆ ನೆಟ್ಟಗಿದ್ದವರಿಗೆ ಗುಂಗುರು, ಗುಂಗುರಿದ್ದವರಿಗೆ ನೆಟ್ಟಗೆ, ದಪ್ಪ ಎಳೆಯವರಿಗೆ ರೇಷ್ಮೆಯಂತೆ ತೆಳ್ಳಗೆ. ಬಹುಪಾಲು ಜನರಿಗೆ ಆರು ತಿಂಗಳಿಂದ ಒಂದು ವರ್ಷದೊಳಗೆ ಬೇರು ಹಳೆಯ ರೀತಿಗೆ ಮರಳುತ್ತದೆ. ಕೆಲವರಲ್ಲಿ ಹೊಸ ರೀತಿಯೇ ಖಾಯಂ ಆಗುತ್ತದೆ. ವಯಸ್ಸು ಐವತ್ತರ ಆಸುಪಾಸಿನಲ್ಲಿದ್ದರೆ ಬಿಳಿ ಹೇಗಿದ್ದರೂ ಬರುತ್ತಿತ್ತು, ಅದನ್ನೂ ಕೀಮೋ ಲೆಕ್ಕಕ್ಕೆ ಹಾಕುವುದು ಬೇಡ.

ಒಂದು ಸಂಗತಿ ತಿಳಿದರೆ ಅರ್ಧ ಖರ್ಚು ಉಳಿಯುತ್ತದೆ. ಚರ್ಮದಿಂದ ಹೊರಗೆ ಬಂದ ಕೂದಲು ಸತ್ತ ವಸ್ತು. ಬಿಳಿಯಾಗಿ ಹೊರಬಂದ 3 ಸೆಂಟಿಮೀಟರ್ ಮುಂದೆ ಕಪ್ಪಾಗುವುದಿಲ್ಲ, ಗುಂಗುರಾಗಿ ಬಂದದ್ದು ನೆಟ್ಟಗಾಗುವುದಿಲ್ಲ. ಬದಲಾವಣೆ ಬುಡದಿಂದ ಬರುತ್ತದೆ. ಒಂದು ಎಳೆ ತೆಗೆದು ಬಿಳಿ ಕಾಗದದ ಮೇಲಿಟ್ಟು ಸ್ಕೇಲ್ ಹಿಡಿಯಿರಿ. ತುದಿಯಿಂದ 3 ಸೆಂಟಿಮೀಟರ್ ಬಿಳಿ, ಆಮೇಲೆ ಕಪ್ಪು ಎಂದಿದ್ದರೆ ಬಣ್ಣದ ಕೋಶ ಎದ್ದದ್ದು ಕೂದಲು ಶುರುವಾದ ಮೂರನೇ ತಿಂಗಳಿಗೆ. ಬುಡದ ಒಂದೆರಡು ಸೆಂಟಿಮೀಟರ್ ನೆಟ್ಟಗಿದ್ದು ತುದಿ ಸುರುಳಿ ಇದ್ದರೆ, ಗೂಡು ಕಳೆದ ಒಂದೆರಡು ತಿಂಗಳಲ್ಲಿ ಸರಿಹೋಗಿದೆ. ಆಗ ಮಾಡಬೇಕಾದ್ದು ತುದಿ ಕತ್ತರಿಸುವುದು. ಹಚ್ಚುವುದರಿಂದ ಏನೂ ಆಗದು.

ಗುಂಗುರು ಕೂದಲಿನ ಇನ್ನೊಂದು ತೊಂದರೆ ಗಂಟು. ದಿಂಬಿಗೆ ಉಜ್ಜುವ ಹೆಡಕಿನಲ್ಲಿ 4–5 ಸೆಂಟಿಮೀಟರ್ ಆಗುವಾಗಲೇ ಉಣ್ಣೆಯಂತೆ ಅಂಟಿಕೊಳ್ಳುತ್ತದೆ. ನಮ್ಮ ಸೀಮೆಯಲ್ಲಿ ಕೂದಲು ತಾನಾಗಿ ಗಂಟಾದರೆ ಯಲ್ಲಮ್ಮನ ಜಡೆ ಬಂತೆಂದು ಕತ್ತರಿ ತಾಗಿಸದೆ ಬಿಡುವ ವಾಡಿಕೆ ಇದೆ. ಇಲ್ಲಿ ಹಾಗೆ ಬಿಡಬೇಡಿ. ಗಂಟಿನ ಕೆಳಗೆ ಬೆವರು, ಎಣ್ಣೆ ನಿಂತು ಚರ್ಮ ಹುಣ್ಣಾದರೂ ಕಾಣುವುದಿಲ್ಲ. ಹಿರಿಯರಿಗೆ ದಿಂಬನ್ನೇ ತೋರಿಸಿ ಹೇಳಿ: ಒತ್ತಿ ಮಲಗುವ ಕಡೆಯೇ ಗಂಟು ಇರುತ್ತದೆ. ಬಿಡಿಸಲು ಅರ್ಧ ಟೀ ಚಮಚ ಕೊಬ್ಬರಿ ಎಣ್ಣೆ ಅಥವಾ ಕಂಡಿಷನರ್ ಗಂಟಿಗೆ ಹಚ್ಚಿ ಹತ್ತು ನಿಮಿಷ ಬಿಡಿ. ಬುಡವನ್ನು ಒಂದು ಕೈಯಲ್ಲಿ ಹಿಡಿದು, ತುದಿಯಿಂದ ಮೇಲಕ್ಕೆ ಬೆರಳಲ್ಲಿ ಬಿಡಿಸುತ್ತ ಬನ್ನಿ. ಆಮೇಲೆ ದೊಡ್ಡ ಹಲ್ಲಿನ ಹಣಿಗೆ. ಬಿಡದಿದ್ದರೆ ಗಂಟನ್ನು ಅಡ್ಡ ಕತ್ತರಿಸದೆ, ಎಳೆಯುದ್ದಕ್ಕೆ ಎರಡು ಮೂರು ಸೀಳು ಕೊಡಿ, ಅರ್ಧಕ್ಕರ್ಧ ಕೂದಲು ಉಳಿಯುತ್ತದೆ. ಹಳೆಯ ಇಳಕಲ್ ಸೀರೆಯ ರೇಷ್ಮೆ ಸೆರಗನ್ನು ದಿಂಬಿಗೆ ಸುತ್ತಿದರೆ ಗಂಟು ಕಡಿಮೆಯಾಗುತ್ತದೆ. ಒರಟು ಹತ್ತಿಗೆ ಕೂದಲು ಸಿಕ್ಕಿಕೊಳ್ಳುತ್ತದೆ, ರೇಷ್ಮೆಯ ಮೇಲೆ ಜಾರುತ್ತದೆ.

ಮೊದಲ ಮೂರು ತಿಂಗಳ ನೆತ್ತಿ

ಕೂದಲಿಗಿಂತ ಮೊದಲು ಚರ್ಮ ನೋಡಿ. ತುಪ್ಪುಳು ಬರುವಾಗ ತುರಿಕೆ, ಹಳದಿ ಹೊಟ್ಟು, ರಾಗಿ ಕಾಳಿನಷ್ಟು ಗುಳ್ಳೆಗಳು ಸಾಮಾನ್ಯ. ಉಗುರು ತಾಗಿಸಬೇಡಿ. ಹೊಟ್ಟಿಗೆ ಒಂದು ಟೀ ಚಮಚ ಕೊಬ್ಬರಿ ಎಣ್ಣೆ ಸಾಕು, ಇಡೀ ತಲೆಗೆ ಅಷ್ಟೇ. ಕಾಯಿಸಬೇಡಿ, ತಿಕ್ಕಬೇಡಿ. ಬೆರಳ ತುದಿಯಿಂದ ಒತ್ತಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ರಾತ್ರಿಯಿಡೀ ಬಿಟ್ಟರೆ ಬೆವರಿನ ಜೊತೆ ಸೇರಿ ಗುಳ್ಳೆ ಹೆಚ್ಚುತ್ತವೆ. ಗುಳ್ಳೆಯಲ್ಲಿ ಕೀವು ಇದ್ದರೆ ಎಣ್ಣೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಕೊನೆಯ ಕೀಮೋ ಆಗಿ ಇನ್ನೂ ಕೆಲವೇ ವಾರವಾಗಿದ್ದು 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್, ಜ್ವರ ಬಂದರೆ ನಾಳೆಗೆ ಕಾಯದೆ ಅಂದೇ ಆಸ್ಪತ್ರೆಗೆ ಫೋನ್ ಮಾಡಿ.

ವಾರಕ್ಕೆ ಎರಡು ಸಲ ತೊಳೆದರೆ ಸಾಕು. ನೀರು ಉಗುರುಬೆಚ್ಚಗಿರಲಿ. ಪ್ಯಾಕ್ಲಿಟ್ಯಾಕ್ಸೆಲ್ ಹಚ್ಚಿಸಿಕೊಂಡ ಹಲವರಿಗೆ ಬೆರಳು ಜೋಮು ಹಿಡಿದು ಬಿಸಿಯ ಅಂದಾಜು ಸಿಗುವುದಿಲ್ಲ. ಹಂಡೆಯ ನೀರನ್ನು ಬೆರಳಲ್ಲಿ ನೋಡದೆ ಮೊಳಕೈ ತಾಗಿಸಿ ನೋಡಿ, ಅಥವಾ ಮನೆಯವರಿಂದ ನೋಡಿಸಿ. ಮಕ್ಕಳ ಶಾಂಪೂ ಅಥವಾ ವಾಸನೆ ಕಡಿಮೆ ಇರುವ ಮೆತ್ತನೆ ಶಾಂಪೂ ಅರ್ಧ ಟೀ ಚಮಚ ತೆಗೆದು, ಒಂದು ಮಗ್ ನೀರಿನಲ್ಲಿ ಕರಗಿಸಿ ಸುರಿಯಿರಿ. ನೇರ ನೆತ್ತಿಯ ಮೇಲೆ ಹಾಕಿದರೆ ಬಿದ್ದ ಜಾಗದಲ್ಲೇ ಒಣಗಿಸುತ್ತದೆ.

ವಿಜಯಪುರ, ಬಾಗಲಕೋಟೆ ಕಡೆಯ ಎಷ್ಟೋ ಊರುಗಳಲ್ಲಿ ಬೋರ್ ನೀರು ಗಡಸು. ಹಂಡೆಯೊಳಗೆ ಬಿಳಿ ಪದರು ಕಟ್ಟುತ್ತಿದ್ದರೆ, ಸೋಪಿಗೆ ನೊರೆ ಬಾರದಿದ್ದರೆ ನಿಮ್ಮದೂ ಅದೇ ನೀರು. ಅಂಥ ನೀರಿನಲ್ಲಿ ಮೈಸೋಪನ್ನು ತಲೆಗೆ ಹಚ್ಚಿದರೆ ಸುಣ್ಣದಂಥ ಜಿಗುಟು ಎಳೆಗೆ ಅಂಟುತ್ತದೆ. ಹೊಸ ಕೂದಲು ಒರಟಾಗಿ, ಮಂಕಾಗಿ ಕಾಣುತ್ತದೆ, ಬೈಗುಳ ಕೀಮೋಗೆ ಬೀಳುತ್ತದೆ. ಸೋಪು ಬಿಟ್ಟು ಶಾಂಪೂ ಹಾಕಿ. ಕೊನೆಯ ಎರಡು ಮಗ್ ಮಾತ್ರ ನಳದ ಹೊಳೆ ನೀರಾಗಲಿ, ಇಲ್ಲವೇ ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರಾಗಲಿ. ಎರಡು ಲೀಟರ್ ಸಾಕಾಗುತ್ತದೆ. ಸೀಗೆಕಾಯಿ, ಅಂಟವಾಳ ಸದ್ಯಕ್ಕೆ ಬೇಡ. ಪುಡಿಯ ತರಿ ಎಳೆ ಚರ್ಮವನ್ನು ಗೀರುತ್ತದೆ. ರೆಪ್ಪೆ ಇನ್ನೂ ಬಂದಿರುವುದಿಲ್ಲವಾದ್ದರಿಂದ ನೀರು ನೇರ ಕಣ್ಣಿಗಿಳಿದು ಉರಿಯುತ್ತದೆ. ಒರೆಸುವುದಕ್ಕೆ ತೆಳ್ಳನೆಯ ಹಳೆ ಪಂಜೆ, ತಿಕ್ಕದೆ ಒತ್ತಿ.

ಉಳ್ಳಾಗಡ್ಡಿ ರಸ, ಬಳ್ಳೊಳ್ಳಿ, ಮೆಣಸು ಅರೆದು ಹಚ್ಚುವ ಸಲಹೆ ಎಲ್ಲ ಮನೆಗೂ ಬರುತ್ತದೆ. ಚರ್ಮ ಸುಟ್ಟು ನೀರುಗುಳ್ಳೆ ಎದ್ದರೆ ಅಲ್ಲಿ ಬರುತ್ತಿದ್ದ ಕೂದಲೂ ಹೋಗಬಹುದು. ಔಡಲ ಎಣ್ಣೆ ಕೂದಲು ಬೆಳೆಸುತ್ತದೆ ಎಂಬುದಕ್ಕೆ ಆಧಾರವಿಲ್ಲ, ಅದರ ಅಂಟಿಗೆ ಗಂಟು ಮಾತ್ರ ಖಾತ್ರಿ. "ಒಂದ್ಸಲ ಬೋಳಿಸಿದ್ರ ದಟ್ಟ ಬರ್ತದ" ಎನ್ನುವುದೂ ಕಣ್ಣಿನ ಮೋಸ. ತುದಿ ಮೊಂಡಾಗಿರುವುದರಿಂದ ದಪ್ಪ ಕಾಣುತ್ತದೆ, ಬೇರುಗಳ ಸಂಖ್ಯೆ ಅಷ್ಟೇ. ಮುಡಿ ಕೊಡುವ ಹರಕೆ ಇದ್ದವರು ಬಿಳಿ ರಕ್ತಕಣ ಸರಿಯಾಗಿವೆ ಎಂದು ಡಾಕ್ಟರ್ ಹೇಳುವ ತನಕ ಕಾಯಿರಿ. ಆಮೇಲೂ ಬ್ಲೇಡ್ ಹೊಸದು, ನಿಮ್ಮ ಕಣ್ಣೆದುರೇ ಬಿಚ್ಚಿದ್ದು ಇರಲಿ.

ಬಿಸಿಲಿಗೆ ಬಟ್ಟೆ: ಏಪ್ರಿಲ್–ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. 2 ಸೆಂಟಿಮೀಟರ್ ಕೂದಲು ಅದನ್ನು ತಡೆಯುವುದಿಲ್ಲ. ತಲೆ ಮೇಲೆ ಸೆರಗು ಹೊದೆಯುವ ರೂಢಿ ಇರುವವರಿಗೆ ಅರ್ಧ ಕೆಲಸ ಮುಗಿದಂತೆ, ಆದರೆ ರೇಷ್ಮೆ ಸೆರಗು ಕೂದಲಿಲ್ಲದ ತಲೆಯ ಮೇಲೆ ನಿಲ್ಲುವುದಿಲ್ಲ. ಒಳಗೆ ತೆಳ್ಳನೆಯ ಹತ್ತಿ ಬಟ್ಟೆ ಕಟ್ಟಿ ಮೇಲೆ ಸೆರಗು ಹಾಕಿ. ಹೊಸ ಖಣ ಬಿರುಸು, ಕೈಮಗ್ಗದ ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಹತ್ತು ಸಲ ಒಗೆದ ಧೋತರದ ತುಂಡೇ ಮೇಲು. ಒಂದು ಮೀಟರ್ ಚೌಕ ತುಂಡನ್ನು ಮೂಲೆಗೆ ಮಡಿಚಿದರೆ ತಲೆಗೆ ಸರಿಹೋಗುತ್ತದೆ. ಗಂಡಸರಿಗೆ ರುಮಾಲು, ಟೊಪ್ಪಿಗೆ ಸರಿಯೇ. ಬೆವರು ಕುಡಿದ ಬಟ್ಟೆಯನ್ನು ದಿನಾ ಬದಲಿಸಿ. ಹೆಲ್ಮೆಟ್ ಒಳಗೂ ಹಾಗೆಯೇ ಒಂದು ಹತ್ತಿ ಟೊಪ್ಪಿಗೆ ಬೇಕು, ಅದರೊಳಗಿನ ಸ್ಪಂಜು ಗುಳ್ಳೆಗಳ ತವರು.

ಮೊದಲ ಕಟಿಂಗ್

ಎಲ್ಲ ಕಡೆಯೂ ಕೂದಲು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆದರೂ ನಾಲ್ಕನೇ ತಿಂಗಳಿಗೆ ಹೆಡಕಿನ ಕೂದಲು ಕುತ್ತಿಗೆಗೆ ಇಳಿದಿರುತ್ತದೆ, ನೆತ್ತಿಯದು ಇನ್ನೂ ಎದ್ದು ನಿಂತಿರುತ್ತದೆ. ಕಿವಿಯ ಮೇಲಿನದು ರೆಕ್ಕೆ ಬಿಚ್ಚಿದಂತೆ. ಕೂದಲು ಕಡಿಮೆ ಎಂದು ಕಾಣುವುದಕ್ಕೆ ಅರ್ಧ ಕಾರಣ ಈ ಆಕಾರ. ಬೆಳೆಯಲಿ ಎಂದು ಏನನ್ನೂ ಮುಟ್ಟದೆ ಬಿಡುವವರೇ ಜಾಸ್ತಿ, ನಮ್ಮ ಮಾತು ಕೇಳುವುದಾದರೆ ಈ ಹಂತದಲ್ಲಿ ಒಂದು ಕಟಿಂಗ್ ಮಾಡಿಸಿ. ಪಾರ್ಲರಿನವರಿಗೆ ಅಥವಾ ಕಟಿಂಗ್ ಅಂಗಡಿಯವರಿಗೆ ಹೀಗೆ ಹೇಳಿ: ಹೆಡಕಿನಲ್ಲಿ ಒಂದೂವರೆ ಸೆಂಟಿಮೀಟರ್ ಉಳಿಸಿ ತೆಗೆಯಿರಿ, ಕಿವಿಯ ಸುತ್ತ ಅಂಚು ಸರಿಮಾಡಿ, ನೆತ್ತಿ ಮತ್ತು ಮುಂದಲೆ ಮುಟ್ಟಬೇಡಿ. ಅಲ್ಲಿಂದ ಎಂಟು ವಾರಕ್ಕೊಮ್ಮೆ ಹೆಡಕು ಮಾತ್ರ. ನೆತ್ತಿಯ ಕೂದಲು 8 ಸೆಂಟಿಮೀಟರ್ ಆದಾಗ ಎರಡನ್ನೂ ಒಟ್ಟಿಗೆ ಬೆಳೆಯಲು ಬಿಡಿ. ಹೆಡಕಿಗೆ ರೇಜರ್ ಬೇಡ, ಟ್ರಿಮ್ಮರ್ ಸಾಕು. ಕತ್ತು, ಕಂಕುಳಿನ ಗಂಟುಗಳನ್ನು ಆಪರೇಷನ್‌ನಲ್ಲಿ ತೆಗೆದವರಿಗಂತೂ ಆ ಭಾಗದಲ್ಲಿ ಗೀರು ಗಾಯ ಆಗಲೇಬಾರದು.

ಕಟ್ಟುವ ಆತುರ ಮದುವೆ ಸೀಜನ್ನಿನಲ್ಲಿ ಬರುತ್ತದೆ. ಚವರಿ ಸೇರಿಸಿ ಹೆರಳು ಹಾಕಬೇಕೆಂದರೆ ನಿಮ್ಮ ಕೂದಲು ಕನಿಷ್ಠ 12–15 ಸೆಂಟಿಮೀಟರ್ ಇರಬೇಕು, ಅಂದರೆ ವರ್ಷ ದಾಟಬೇಕು. ಅದಕ್ಕೂ ಮೊದಲು ಚವರಿಯ ಭಾರವೆಲ್ಲ ಹತ್ತಿಪ್ಪತ್ತು ಎಳೆಯ ಮೇಲೆ ಬಿದ್ದು ಹಣೆಯಂಚಿನ ಬೇರುಗಳು ಕಿತ್ತುಬರುತ್ತವೆ. ಮಲ್ಲಿಗೆ ದಂಡೆಯನ್ನು ಕೂದಲಿಗೆ ಪಿನ್ ಮಾಡದೆ ತಲೆಯ ಬಟ್ಟೆಯ ಅಂಚಿಗೇ ಹೊಲಿದುಬಿಡಿ.

ಮೆಹಂದಿ, ಡೈ

ಕೊನೆಯ ಕೀಮೋ ಆಗಿ ಆರು ತಿಂಗಳಾಗುವವರೆಗೆ ಯಾವುದೂ ಬೇಡ. ಆಮೇಲೂ ನೆತ್ತಿಯಲ್ಲಿ ಗುಳ್ಳೆ, ಹೊಟ್ಟು ಇದ್ದರೆ ಇನ್ನಷ್ಟು ಕಾಯಿರಿ. ಪ್ಯಾಕೆಟ್ಟಿನಲ್ಲಿ ಬರುವ "ಕಪ್ಪು ಮೆಹಂದಿ" ಮೇಲೆ ನಂಬಿಕೆ ಹೆಚ್ಚು, ಅದರಿಂದ ಆಗುವ ತೊಂದರೆಯೂ ಹೆಚ್ಚು. ಮೆಹಂದಿ ಎಲೆ ಎಂದೂ ಕಪ್ಪು ಬಣ್ಣ ಕೊಡುವುದಿಲ್ಲ. ಹತ್ತು ನಿಮಿಷದಲ್ಲಿ ಕಪ್ಪಾಗುವ ಪುಡಿಯಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಅದಕ್ಕೆ ಅಲರ್ಜಿ ಆದರೆ ಮುಖ, ಕಣ್ಣು ಊದಿಕೊಳ್ಳುತ್ತವೆ. ಕೀಮೋಗೆ ಮೊದಲು ಇಪ್ಪತ್ತು ವರ್ಷ ಹಚ್ಚಿದ್ದೆ, ಏನೂ ಆಗಿರಲಿಲ್ಲ ಎಂಬುದು ಈಗ ಲೆಕ್ಕಕ್ಕಿಲ್ಲ. ಈ ಅಲರ್ಜಿ ಯಾವಾಗ ಬೇಕಾದರೂ ಶುರುವಾಗಬಹುದು. ಹಾಗಾಗಿ ಏನೇ ಹಚ್ಚುವ ಮೊದಲು, ಕಲಸಿದ್ದನ್ನು ಎಂಟಾಣೆಯಷ್ಟು ಅಗಲ ಮೊಳಕೈ ಒಳಬದಿಗೆ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತಿಗೆ ತೊಳೆದು, 48 ಗಂಟೆ ಕಾಯಿರಿ. ಒಂದು ಬದಿಯ ಕಂಕುಳಿನ ಗಂಟು ತೆಗೆದಿದ್ದರೆ ಇನ್ನೊಂದು ಬದಿಯ ಕೈಗೆ ಹಚ್ಚಿ. ಕೆಂಪು, ತುರಿಕೆ, ಗುಳ್ಳೆ ಇಲ್ಲದಿದ್ದರೆ ಮಾತ್ರ ತಲೆಗೆ.

ಶುದ್ಧ ಮೆಹಂದಿ ಸೊಪ್ಪಿನ ಪುಡಿಯಾದರೆ ಗಿಡ್ಡ ಕೂದಲಿಗೆ ಮೂರು ನಾಲ್ಕು ದೊಡ್ಡ ಚಮಚ ಸಾಕು. ಚಹಾ ಡಿಕಾಕ್ಷನ್ನಿನಲ್ಲಿ ಕಲಸಿ ಒಂದು ಗಂಟೆ ಮಾತ್ರ ಬಿಡಿ, ಮೂರು ಗಂಟೆ ಬಿಟ್ಟರೆ ಮೊದಲೇ ಒಣ ಇರುವ ಗುಂಗುರು ಕೂದಲು ನಾರಾಗುತ್ತದೆ. ಪೂರ್ತಿ ಬಿಳಿ ತಲೆಗೆ ಮೆಹಂದಿ ಹಚ್ಚಿದರೆ ಕಿತ್ತಳೆ ಬಣ್ಣ ಬರುತ್ತದೆಂದು ಮೊದಲೇ ತಿಳಿದಿರಲಿ. ಸ್ಟ್ರೇಟನಿಂಗ್, ಕೆರಾಟಿನ್ ವಗೈರೆ ಒಂದು ವರ್ಷದ ತನಕ ಮರೆತುಬಿಡಿ.

ಹುಬ್ಬು, ರೆಪ್ಪೆ ಸಾಮಾನ್ಯವಾಗಿ ಒಂದೆರಡು ತಿಂಗಳಲ್ಲಿ ಬರುತ್ತವೆ. ಬಂದ ರೆಪ್ಪೆ ಕೆಲವು ವಾರಗಳ ನಂತರ ಮತ್ತೊಮ್ಮೆ ಉದುರಿ ಬರಬಹುದು. ಎಲ್ಲ ರೆಪ್ಪೆಗಳೂ ಒಂದೇ ಕಾಲಕ್ಕೆ ಹುಟ್ಟಿದ್ದರಿಂದ ಒಂದೇ ಕಾಲಕ್ಕೆ ಉದುರುತ್ತವೆ, ಅಷ್ಟೇ. ಕಾಡಿಗೆ ಹಚ್ಚುವುದಾದರೆ ಕೀಮೋಗೆ ಮುಂಚಿನ ಹಳೆ ಡಬ್ಬಿ ಎಸೆದು ಹೊಸದು ತನ್ನಿ.

ಊಟ ಮತ್ತು ಮಾತ್ರೆ

ಕೂದಲು ಬಹುಪಾಲು ಪ್ರೋಟೀನಿನಿಂದಾದದ್ದು. 50 ಕಿಲೋ ತೂಕದವರಿಗೆ ದಿನಕ್ಕೆ 50–60 ಗ್ರಾಂ ಪ್ರೋಟೀನು ಗುರಿಯಿರಲಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ. ಬರೀ ರೊಟ್ಟಿ ಚಟ್ನಿಯಲ್ಲಿ ಅಷ್ಟು ಆಗದು. ಒಂದು ತತ್ತಿಯಲ್ಲಿ 6 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ 7, ಒಂದು ದೊಡ್ಡ ಲೋಟ ಹಾಲಿನಲ್ಲಿ 6–7, ಅರ್ಧ ಬಟ್ಟಲು ಒಣ ಮಡಕಿ ಕಾಳು ಅಥವಾ ಹೆಸರು ಕಾಳಿನಲ್ಲಿ ಹತ್ತಕ್ಕೂ ಹೆಚ್ಚು. ರೊಟ್ಟಿಯ ಜೊತೆ ಕಾಳು ಪಲ್ಯ ಎರಡೂ ಹೊತ್ತು ಇದ್ದರೆ ಲೆಕ್ಕ ಕೂಡಿಬರುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಊಟವಾದ ಕೂಡಲೇ ಚಹಾ ಬೇಡ, ಒಂದು ಗಂಟೆ ಬಿಡಿ. ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ.

"ಕೂದಲ ಟಾನಿಕ್" ಎಂದು ಮಾರುವ, ಒಳಗೇನಿದೆ ಎಂದು ಬರೆಯದ ಪುಡಿಗಳನ್ನು ಹಾರ್ಮೋನ್ ಮಾತ್ರೆ ನುಂಗುತ್ತಿರುವವರು ಮುಟ್ಟಲೇಬಾರದು.

ಬೆಳವಣಿಗೆ ಹಿಂದೆ ಬಿದ್ದರೆ

ಸ್ಕೇಲಿನ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೂರು ತಿಂಗಳಾದರೂ ತುಪ್ಪುಳೇ ಇಲ್ಲ, ಆರು ತಿಂಗಳಿಗೆ ಇರಬೇಕಾದುದರ ಅರ್ಧವೂ ಇಲ್ಲ, ನಡುನೆತ್ತಿಯಲ್ಲಿ ಚರ್ಮ ಎದ್ದು ಕಾಣುತ್ತದೆ, ರೂಪಾಯಿಯಂತೆ ದುಂಡನೆ ಬೋಳು ಜಾಗಗಳಿವೆ ಎಂದಾದರೆ ತೋರಿಸಿ. ನೆತ್ತಿಯಲ್ಲಿ ಗಟ್ಟಿ ಗಂಟು ಕೈಗೆ ಸಿಕ್ಕರಂತೂ ಮುಂದಿನ ಚೆಕಪ್ಪಿಗೆ ಕಾಯಬೇಡಿ. ಸ್ತನ ಕ್ಯಾನ್ಸರಿನವರು ನುಂಗುವ ಟ್ಯಾಮಾಕ್ಸಿಫೆನ್, ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಎಂಬ ಹಾರ್ಮೋನ್ ಮಾತ್ರೆಗಳಿಂದಲೂ ಕೆಲವರಿಗೆ ಮುಂದಲೆ, ನೆತ್ತಿ ತೆಳ್ಳಗಾಗುತ್ತವೆ. ಕೂದಲಿಗಾಗಿ ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದು ಕಾಯಿಲೆ ಮರಳದಂತೆ ತಡೆಯುವ ಔಷಧಿ. ಡೋಸಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ ತೆಗೆದುಕೊಂಡ ಕೆಲವರಲ್ಲಿ ಕೂದಲು ಪೂರ್ತಿ ಬಾರದೆ ಉಳಿಯುವುದುಂಟು. ಆರು ತಿಂಗಳು ದಾಟಿದರೆ ಚರ್ಮರೋಗ ತಜ್ಞರಿಗೆ ಅದರ ಹೆಸರು ಹೇಳಿಯೇ ಕೇಳಿ.

ಡಾಕ್ಟರು ಕೂದಲು ಬೆಳೆಯಲೆಂದು ನೆತ್ತಿಗೆ ಹಚ್ಚುವ ಮಿನಾಕ್ಸಿಡಿಲ್ ಬರೆದುಕೊಟ್ಟರೆ ಅಳತೆ ಮುಖ್ಯ. ದ್ರವವಾದರೆ ಸಾಮಾನ್ಯವಾಗಿ ಒಂದು ಸಲಕ್ಕೆ 1 ಮಿಲಿಲೀಟರ್, ಒಣ ನೆತ್ತಿಗೆ, ಬಾಟಲಿಯ ಜೊತೆ ಬರುವ ಡ್ರಾಪರಿನಿಂದಲೇ. ಹಚ್ಚಿದ ಕೈ ತೊಳೆಯಿರಿ, ಮುಖಕ್ಕೆ ಇಳಿದರೆ ಅಲ್ಲೂ ಕೂದಲು ಬರಬಹುದು. ಶುರುಮಾಡಿದ ಎರಡರಿಂದ ಎಂಟನೇ ವಾರದೊಳಗೆ ಇದ್ದ ಕೂದಲೂ ಸ್ವಲ್ಪ ಉದುರಬಹುದು. ಬಹಳ ಜನ ಹೆದರಿ ಬಿಡುವುದು ಅಲ್ಲೇ. ಫಲ ಕಾಣಲು ನಾಲ್ಕು ತಿಂಗಳು ಬೇಕು. ಡಾಕ್ಸೊರುಬಿಸಿನ್ ಹೃದಯದ ಮೇಲೆ ಪರಿಣಾಮ ಮಾಡಬಲ್ಲದು, ಆದ್ದರಿಂದ ಎದೆಬಡಿತದ, ಬಿಪಿಯ ತೊಂದರೆ ಇದ್ದವರು ಮಿನಾಕ್ಸಿಡಿಲ್ ಹಚ್ಚುವ ಮೊದಲೇ ಅದನ್ನು ಡಾಕ್ಟರಿಗೆ ತಿಳಿಸಬೇಕು.

ತೋರಿಸಲು ಹೋಗುವಾಗ ಕೀಮೋ ಔಷಧಿಗಳ ಹೆಸರಿರುವ ಡಿಸ್ಚಾರ್ಜ್ ಕಾರ್ಡು, ತಿಂಗಳ ಫೋಟೊಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ಚಿಕಿತ್ಸೆ ಹುಬ್ಬಳ್ಳಿಯಲ್ಲೋ ಮಿರಜ್‌ನಲ್ಲೋ ಆಗಿ ತೋರಿಸುವುದು ಬೆಳಗಾವಿಯಲ್ಲಾದರೆ ಆ ಕಾರ್ಡಿಲ್ಲದೆ ಡಾಕ್ಟರಿಗೆ ಏನೂ ಹೇಳಲು ಬಾರದು. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಲೆಕ್ಕ), ಥೈರಾಯ್ಡ್, ಬಿ12, ವಿಟಮಿನ್ ಡಿ ನೋಡಬೇಕೇ ಎಂದು ಕೇಳಿ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಥೈರಾಯ್ಡ್ ರಿಪೋರ್ಟು ತಪ್ಪು ತೋರಿಸಬಹುದು. ಡಾಕ್ಟರನ್ನು ಕೇಳಿ ರಕ್ತ ಕೊಡುವ ಎರಡು ಮೂರು ದಿನ ಮೊದಲೇ ಅದನ್ನು ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ.